ಬಲೆ ಬಿಗಿದ ಡ್ರಮ್ಮಿನ ಪರೀಕ್ಷೆ

ಕಳೆದ ಆಷಾಢದಲ್ಲಿ ಕಳಸದ ಕಡೆಯ ಕಾಫಿ ಬೆಳೆಗಾರರೊಬ್ಬರು ಚಿಕ್ಕಮಗಳೂರಿನ ನಮ್ಮ ಕಾಲೇಜಿಗೆ ಬಂದಿದ್ದರು. ಅವರ ಮಗ ನನ್ನ ವಿದ್ಯಾರ್ಥಿ. ಪಾಠಕ್ಕಿಂತ ಡ್ರಮ್ಮಿನಲ್ಲಿ ಅವನಿಗೆ ಆಸಕ್ತಿ ಹೆಚ್ಚು. ಅವನು ಕೊಳ್ಳಬೇಕೆಂದಿದ್ದ ಎಲೆಕ್ಟ್ರಾನಿಕ್ ಡ್ರಮ್ಮುಗಳಂಥದೇ ಒಂದು ಜೋಡಣೆಯನ್ನು ಪರಿಚಿತರಿಂದ ಎರವಲು ತಂದು ಪ್ರಯೋಗಶಾಲೆಯಲ್ಲಿ ನಿಲ್ಲಿಸಿದ್ದೆವು. ತಂದೆ ಕೋಲನ್ನು ಕೈಗೆ ತೆಗೆದುಕೊಂಡು ಒಮ್ಮೆ ಹೊಡೆದರು. ‘ಟಪ್’ ಎಂದಿತು, ಅಷ್ಟೆ. “ಸದ್ದೇ ಇಲ್ಲದ ಡ್ರಮ್ಮಿಗೆ ಈ ಸಲದ ಮೆಣಸಿನ ಹಣವನ್ನೆಲ್ಲ ಸುರಿಯಬೇಕೇ, ಮೇಷ್ಟ್ರೇ?” ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಹೇಳುವ ಮೊದಲು ಸದ್ದುಳ್ಳ ಡ್ರಮ್ಮು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ.

ಚರ್ಮವಾದ್ಯದಲ್ಲಿ ಪೆಟ್ಟು ಬಿದ್ದ ಹೊದಿಕೆಯೇ ಗಾಳಿಯನ್ನು ತಳ್ಳಿ ಶಬ್ದವನ್ನು ಹುಟ್ಟಿಸುತ್ತದೆ. ಬಿಗಿತ ಹೆಚ್ಚಿದಷ್ಟೂ ಸ್ವರ ಏರುತ್ತದೆ, ಹೊದಿಕೆಯ ಭಾರ ಹೆಚ್ಚಿದಷ್ಟೂ ಇಳಿಯುತ್ತದೆ. ಮಳೆಗಾಲದಲ್ಲಿ ಚರ್ಮ ತೇವವನ್ನು ಹೀರಿ ಸಡಿಲವೂ ಭಾರವೂ ಆಗುವುದರಿಂದ ಎರಡು ಕಾರಣಗಳೂ ಸೇರಿ ಸ್ವರವನ್ನು ಕೆಳಕ್ಕೆಳೆಯುತ್ತವೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವವನು ಈ ಸೂತ್ರವನ್ನು ಓದಿರಬೇಕಾದುದಿಲ್ಲ.

ಇನ್ನೊಂದು ಸಂಗತಿಯೂ ಉಂಟು. ಸಮನಾದ ವೃತ್ತಾಕಾರದ ಹೊದಿಕೆಯ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು, ಹೀಗೆ ಅಡ್ಡಾದಿಡ್ಡಿಯಾಗಿ ಬರುತ್ತವೆ. ತಂತಿಯಲ್ಲಿರುವಂತೆ 2, 3, 4 ಎಂಬ ಕ್ರಮ ಅಲ್ಲಿಲ್ಲ. ಮೃದಂಗದ ಕರಣೆಯು ಈ ಅವ್ಯವಸ್ಥೆಯನ್ನು ತಿದ್ದುತ್ತದೆಂದು ಸಿ. ವಿ. ರಾಮನ್ ಅವರು 1920ರಲ್ಲಿ ಸಹಲೇಖಕರೊಡನೆ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. 1934ರಲ್ಲಿ ಅದನ್ನು ವಿಸ್ತರಿಸಿ, ಒಂಬತ್ತು ಬಗೆಯ ಕಂಪನಗಳು ಕೂಡಿ ಐದು ಸುಸಂಗತ ಸ್ವರಗಳಾಗುವುದನ್ನು ತೋರಿಸಿದರು. ಎಲ್ಲಿ ಹೊಡೆದರು, ಎಲ್ಲಿ ಬೆರಳೂರಿದರು ಎಂಬುದನ್ನು ಅನುಸರಿಸಿ ಇವುಗಳಲ್ಲಿ ಕೆಲವು ಏಳುತ್ತವೆ, ಕೆಲವು ಅಡಗುತ್ತವೆ. ಅಲ್ಲಿ ಕೈಗೆ ತಾಗುವುದೂ ಕಿವಿಗೆ ಕೇಳುವುದೂ ಒಂದೇ ಚರ್ಮ.

ಬಲೆಯ ಡ್ರಮ್ಮು ಇವೆರಡನ್ನೂ ಬೇರ್ಪಡಿಸುತ್ತದೆ. ಪಾಲಿಯೆಸ್ಟರ್ ನೂಲಿನಿಂದ ನೇಯ್ದ ಬಲೆಯನ್ನು ಬಳೆಯೊಳಗೆ ಬಿಗಿದಿರುತ್ತಾರೆ. ರಂಧ್ರಗಳ ಮೂಲಕ ಗಾಳಿ ಅತ್ತಿತ್ತ ಹಾಯುವುದರಿಂದ ಅದು ಗಾಳಿಯನ್ನು ಬಲವಾಗಿ ತಳ್ಳಲಾರದು; ಸದ್ದಿಲ್ಲದಿರುವುದು ಈ ಕಾರಣದಿಂದ. ಪಾಲಿಯೆಸ್ಟರ್ ನೀರನ್ನು ಅತ್ಯಲ್ಪವಾಗಿ ಮಾತ್ರ ಹೀರುವುದರಿಂದ ಮೂಡಿಗೆರೆಯ ಮಳೆಗೂ ಅದು ಸಡಿಲಗೊಳ್ಳುವುದಿಲ್ಲ. ಬಲೆಯ ಕೆಳಗೆ ಮೆದುವಾದ ಸ್ಪಂಜಿನ ಶಂಕುವೊಂದು ತಾಗಿಕೊಂಡಿದೆ. ಅದರಡಿಯಲ್ಲಿ ಒಂದು ತೆಳುವಾದ ಬಿಲ್ಲೆ. ಒತ್ತಿದರೆ ವಿದ್ಯುತ್ತನ್ನು ಹೊಮ್ಮಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರಷ್ಟೆ. ಈ ಪಿಂಗಾಣಿಯ ಬಿಲ್ಲೆಯದೂ ಅದೇ ಗುಣ. ಪೆಟ್ಟು ಬಿದ್ದೊಡನೆ ಅದು ವಿದ್ಯುತ್ ಸಂಕೇತವನ್ನು ಕೊಡುತ್ತದೆ. ಪಕ್ಕದ ಯಂತ್ರಪೆಟ್ಟಿಗೆ ಅದನ್ನು ಅಳೆದು, ತನ್ನಲ್ಲಿ ಕೂಡಿಟ್ಟ ಧ್ವನಿಗಳಲ್ಲೊಂದನ್ನು ಆರಿಸಿ ಕಿವಿಗೆ ಕಳಿಸುತ್ತದೆ. ಇಂಥ ಬಲೆಯ ಡ್ರಮ್ಮನ್ನು ಜಪಾನಿನ ರೋಲ್ಯಾಂಡ್ ಸಂಸ್ಥೆ 1997ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಮುಂಚಿನವುಗಳಲ್ಲಿ ಹಲವು ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಗಳಾಗಿದ್ದು, ಬಾರಿಸುವವರ ಮಣಿಕಟ್ಟಿಗೆ ನೋವುಂಟುಮಾಡುತ್ತಿದ್ದವು.

ಆದುದರಿಂದ ಕೊಳ್ಳುವವರು ಪರೀಕ್ಷಿಸಬೇಕಾದುದು ಪೆಟ್ಟಿಗೆಯೊಳಗಿನ ನೂರಾರು ಧ್ವನಿಗಳನ್ನಲ್ಲ. ಅಂಗಡಿಯವರು ಮೊದಲು ಕೇಳಿಸುವುದು ಅವನ್ನೇ ಎಂಬುದು ಬೇರೆ ಮಾತು. ಕೈಗೂ ಕಿವಿಗೂ ನಡುವೆ ನಡೆಯುವ ಅಳತೆ ಎಷ್ಟು ಪ್ರಾಮಾಣಿಕ ಎಂಬುದೇ ಮುಖ್ಯ.

ಮೊದಲು ಬಲವನ್ನು ನೋಡಿದೆವು. 1983ರಿಂದ ಬಳಕೆಯಲ್ಲಿರುವ ‘ಮಿಡಿ’ ಸಂಕೇತಪದ್ಧತಿಯಲ್ಲಿ ಪೆಟ್ಟಿನ ಬಲವನ್ನು ಸಾಮಾನ್ಯವಾಗಿ 1ರಿಂದ 127ರವರೆಗಿನ ಅಂಕೆಗಳಿಂದ ಸೂಚಿಸುತ್ತಾರೆ. ಕೋಲನ್ನು ಬಲೆಯ ಮೇಲೆ ಸುಮ್ಮನೆ ಬೀಳಬಿಡುವಷ್ಟು ಮೆಲ್ಲನೆಯ ಪೆಟ್ಟಿನಿಂದ ಪ್ರಾರಂಭಿಸಿ ಕ್ರಮವಾಗಿ ಬಲಪಡಿಸುತ್ತ ಹೋದರೆ ಸದ್ದೂ ಹಾಗೆಯೇ ಏರಬೇಕು, ಮೆಟ್ಟಿಲು ಹಾರಬಾರದು. ಅನಂತರ ಒಂದೇ ಬಲದಿಂದ ಅಂಚಿನಿಂದ ನಡುವಿಗೆ ಸಾಗಿದೆವು. ಶಂಕುವಿನ ನೆತ್ತಿಯ ಮೇಲೆ ಕೋಲು ಬಿದ್ದೊಡನೆ ಸದ್ದು ಒಮ್ಮೆಲೇ ಕೂಗಿತು. ಗ್ರಾಹಕ ಒಂದೇ ಇದ್ದು ಅದು ನಟ್ಟನಡುವೆ ಇರುವ ಕಡೆ ಈ ದೋಷ ಸಾಮಾನ್ಯ. ಗ್ರಾಹಕವನ್ನು ಪಕ್ಕಕ್ಕೆ ಸರಿಸಿದ, ಅಥವಾ ಹಲವನ್ನು ಹರಡಿದ ರಚನೆಗಳಲ್ಲಿ ಕಡಿಮೆ.

ಎರಡನೆಯದು ವಿಳಂಬ. ಇದನ್ನು ಅಳೆಯಲು ಮೊಬೈಲ್ ಫೋನೇ ಸಾಕು. ಯಂತ್ರಕ್ಕೆ ಧ್ವನಿವರ್ಧಕವನ್ನು ಜೋಡಿಸಿ, ಬಲೆಗೂ ಅದಕ್ಕೂ ಸಮದೂರದಲ್ಲಿ ಫೋನನ್ನಿಟ್ಟು ಧ್ವನಿಮುದ್ರಿಸಬೇಕು. ಕೋಲಿನ ‘ಟಪ್’ ಒಂದು ಮೊನೆಯಾಗಿಯೂ ಯಂತ್ರದ ಸದ್ದು ಇನ್ನೊಂದು ಮೊನೆಯಾಗಿಯೂ ಅಲೆಯ ಚಿತ್ರದಲ್ಲಿ ಕಾಣುತ್ತವೆ. ಸೆಕೆಂಡಿಗೆ 48,000 ಮಾದರಿಗಳ ಮುದ್ರಣದಲ್ಲಿ ಅವುಗಳ ಅಂತರ 480 ಮಾದರಿಗಳಾದರೆ ವಿಳಂಬ 10 ಮಿಲಿಸೆಕೆಂಡು. ಶಬ್ದವು ಅಷ್ಟರಲ್ಲಿ ಸುಮಾರು ಮೂರೂವರೆ ಮೀಟರ್ ಸಾಗುತ್ತದೆ. ಎಂದರೆ, ತಾನೇ ಬಾರಿಸುವ ಡ್ರಮ್ಮನ್ನು ಕೋಣೆಯ ಆಚೆಯ ಗೋಡೆಯ ಬಳಿ ಇಟ್ಟು ಕೇಳಿದಂತೆ! ಅದಕ್ಕಿಂತ ಹೆಚ್ಚಾದರೆ ಕಲಿಯುವ ಹುಡುಗನ ಕೈ ತನ್ನರಿವಿಲ್ಲದೆಯೇ ತಾಳಕ್ಕಿಂತ ಮುಂದೋಡಲು ಕಲಿತುಬಿಡುವ ಭಯವಿದೆ.

ವೇಗದ ಪೆಟ್ಟುಗಳಲ್ಲಿ ಇನ್ನೊಂದು ತೊಡಕು. ಒಂದೇ ಹೊಡೆತಕ್ಕೆ ಬಲೆ ಹಲವು ಸಲ ನಡುಗುತ್ತದೆ. ಪ್ರತಿಯೊಂದು ನಡುಕವನ್ನೂ ಪೆಟ್ಟೆಂದು ಎಣಿಸದಿರಲು ಯಂತ್ರವು ಕೆಲವು ಮಿಲಿಸೆಕೆಂಡುಗಳ ಕಾಲ ಕಿವುಡಾಗುತ್ತದೆ. ಸೆಕೆಂಡಿಗೆ 16 ಪೆಟ್ಟು ಬಿದ್ದರೂ ನಡುವೆ 62 ಮಿಲಿಸೆಕೆಂಡು ಇರುವುದರಿಂದ ತೊಂದರೆಯಿಲ್ಲ. ಎರಡು ಕೋಲುಗಳು ಕೂದಲೆಳೆಯ ಅಂತರದಲ್ಲಿ ಬಿದ್ದಾಗ ಮಾತ್ರ ಒಂದು ಕಳೆದುಹೋಗಬಹುದು.

ಬಲೆಯ ಪುಟಿತದ ಬಗೆಗೂ ಎಚ್ಚರಿಕೆ ಬೇಕು. ಸಡಿಲವಾದ ದೊಡ್ಡ ಡ್ರಮ್ಮು ಕೋಲನ್ನು ಮೇಲಕ್ಕೆ ಹೆಚ್ಚು ಎಸೆಯದು. ಬಲೆ ಧಾರಾಳವಾಗಿ ಎಸೆಯುತ್ತದೆ. ಬರಿಯ ಬಲೆಯ ಮೇಲೆ ಪಳಗಿದ ಕೈ ನಿಜವಾದ ಡ್ರಮ್ಮಿನ ಮುಂದೆ ಬೇಗ ಸೋಲುತ್ತದೆ. ವಾರಕ್ಕೊಮ್ಮೆಯಾದರೂ ಪೇಟೆಗೆ ಹೋಗಿ ನಿಜವಾದುದನ್ನು ಬಾರಿಸಬೇಕೆಂದು ಹುಡುಗನಿಗೆ ಹೇಳಿದೆ. ಮೃದಂಗದ ಸಾಧನೆಯನ್ನಂತೂ ಇದರ ಮೇಲೆ ಮಾಡಲಾಗದು. ಇದು ಯಾವಾಗ, ಎಷ್ಟು ಬಲವಾಗಿ ಎಂಬುದನ್ನು ಬಲ್ಲದು. ಯಾವ ಬೆರಳು ಎಲ್ಲಿ ಊರಿತ್ತು ಎಂಬುದನ್ನು ಬಲ್ಲದು ಎನ್ನಲಾಗದು.

“ರಾತ್ರಿ ಅಟ್ಟದ ಮೇಲೆ ಬಾರಿಸಿದರೆ ಕೆಳಗೆ ನಮ್ಮ ತಾಯಿಯವರಿಗೆ ನಿದ್ದೆ ಕೆಡುವುದಿಲ್ಲವಷ್ಟೆ?” ಎಂದು ತಂದೆ ಕೇಳಿದರು. ಕೆಡುವ ಸಂಭವವಿದೆ ಎಂದೆ. ಬಲೆ ಮೌನವಾಗಿದ್ದರೂ ಕಾಲಿನಿಂದ ಒತ್ತುವ ಪೆಡಲಿನ ಗುದ್ದು ಕಂಬಿಗಳ ಮೂಲಕ ಮರದ ಹಲಗೆಗಿಳಿದು, ಇಡೀ ಅಟ್ಟವೇ ಡ್ರಮ್ಮಿನ ಹೊದಿಕೆಯಾಗುತ್ತದೆ. ಒಂದು ದಪ್ಪ ಹಲಗೆಯ ಕೆಳಗೆ ಹಳೆಯ ಟೆನ್ನಿಸ್ ಚೆಂಡುಗಳನ್ನು ಹರಡಿ ಅದರ ಮೇಲೆ ಜೋಡಣೆಯನ್ನು ನಿಲ್ಲಿಸಿದರೆ ಗುದ್ದು ಬಹಳಮಟ್ಟಿಗೆ ತಗ್ಗುತ್ತದೆ. ಕೆಳಗಿನ ಕೋಣೆಯ ಸಿಮೆಂಟಿನ ನೆಲವಾದರೆ ಇನ್ನೂ ಉತ್ತಮ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು, “ಕರೆಂಟು ಹೋದರೆ?” ಎಂದರು. ಹೊರಗೆ ಮಳೆ ಸುರಿಯುತ್ತಿತ್ತು. ಪೆಟ್ಟಿಗೆ ಕುಡಿಯುವ ವಿದ್ಯುತ್ತು ಬಹಳ ಸ್ವಲ್ಪ, ಮನೆಯ ಇನ್ವರ್ಟರಿನಿಂದ ಗಂಟೆಗಟ್ಟಲೆ ನಡೆಯುತ್ತದೆ, ಅದೂ ಬರಿದಾದರೆ ‘ಟಪ್’ ಒಂದೇ ಉಳಿಯುತ್ತದೆ ಎಂದು ಹೇಳಿದೆ. ಅವರು ನಕ್ಕು, ಮಗನನ್ನು ಕರೆದುಕೊಂಡು ಬಸ್ಸಿಗೆ ನಡೆದರು.