ಅಂತರಜಾಲದ ದಾರಿಗಳೂ ಅವುಗಳ ಕಾವಲಿನ ಒಡಂಬಡಿಕೆಯೂ

ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋದ ವಿದ್ಯಾರ್ಥಿಗಳು ತೂಗುವ ಕಂಬದ ಅಡಿಯಲ್ಲಿ ಬಟ್ಟೆ ಹಾಯಿಸಿ, ಏಕಶಿಲೆಯ ಬಸವಣ್ಣನನ್ನು ಕಂಡು ಮರಳಿಬಿಡುವುದು ವಾಡಿಕೆ. ಅಲ್ಲಿಯ ಕನ್ನಡ ಶಾಸನಗಳ ಮುಂದೆ ನಿಲ್ಲುವವರು ವಿರಳ. ವಿಜಯನಗರದ ಕಾಲದ ಆ ಬರಹಗಳಲ್ಲಿ ದೇವರಿಗೆ ಬಿಟ್ಟ ಗ್ರಾಮ, ಭೂಮಿಗಳ ಲೆಕ್ಕವಿದೆ. ಅದನ್ನು ಕಲ್ಲಿನಲ್ಲಿಯೇ ಕೊರೆಯಿಸಿದುದೇಕೆ? ನಾಳೆ ಯಾವನೋ ಒಬ್ಬನು ಬಂದು ‘ಈ ಭೂಮಿ ನನ್ನದು’ ಎಂದರೆ, ಅವನ ಮಾತನ್ನು ಒರೆಗೆ ಹಚ್ಚಲು ಎಲ್ಲರ ಕಣ್ಣಿಗೂ ಬೀಳುವ ಸಾಕ್ಷಿಯೊಂದು ಬೇಕು. ಅಂತರಜಾಲವನ್ನು ಕಟ್ಟಿದವರು ಬಹುಕಾಲ ಈ ಸಾಕ್ಷಿಯ ಗೊಡವೆಗೇ ಹೋಗಲಿಲ್ಲ. ಅದರ ಫಲವೇನಾಯಿತೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಅಂತರಜಾಲವು ಒಂದೇ ಜಾಲವಲ್ಲ. ತಮ್ಮತಮ್ಮ ಆಡಳಿತವುಳ್ಳ 70,000ಕ್ಕೂ ಹೆಚ್ಚು ಜಾಲಗಳ ಕೂಟವದು. ಹಿಂದೂಪುರದ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ಪಾಠವೊಂದನ್ನು ತೆರೆದರೆ, ಅವಳ ಕೋರಿಕೆಯು ಒಂದು ಜಾಲದಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಸಾಗುತ್ತದೆ. ಯಾವ ಕಡೆಗೆ ಸಾಗಬೇಕೆಂಬುದು ಹೇಗೆ ತಿಳಿಯಿತು? ಪ್ರತಿಯೊಂದು ಜಾಲವೂ ‘ಇಂತಿಂಥ ವಿಳಾಸಗಳಿಗೆ ನನ್ನ ಮೂಲಕ ಬನ್ನಿರಿ’ ಎಂದು ನೆರೆಯ ಜಾಲಕ್ಕೆ ಸಾರುತ್ತದೆ. ನೆರೆಯದು ತನ್ನ ನೆರೆಗೆ ಸಾರುತ್ತದೆ. ಈ ಸಾರುವಿಕೆಯ ಪದ್ಧತಿಗೆ ಬಿ.ಜಿ.ಪಿ. ಎಂದು ಹೆಸರು. 1989ರಲ್ಲಿ ಕರ್ಕ್ ಲಾಹೀಡ್, ಯಾಕೋವ್ ರೆಕ್ಟರ್ ಎಂಬಿಬ್ಬರು ಅಮೆರಿಕೆಯ ಆಸ್ಟಿನ್ ನಗರದಲ್ಲಿ ಊಟದ ಮೇಜಿನ ಕೈವಸ್ತ್ರದ ಕಾಗದದ ಮೇಲೆ ಇದರ ಮೊದಲ ರೂಪವನ್ನು ಗೀಚಿದರು. ಅಂದು ಜಾಲಗಳು ಕೆಲವೇ. ನಡೆಸುವವರು ಪರಸ್ಪರ ಪರಿಚಿತರು. ಆದುದರಿಂದ ಸಾರುವವನ ಮಾತಿಗೆ ಪುರಾವೆ ಕೇಳುವ ಏರ್ಪಾಡು ಅದರಲ್ಲಿ ಸೇರಲಿಲ್ಲ.

ಇನ್ನೊಂದು ನಿಯಮವನ್ನೂ ಇಲ್ಲಿ ಅರಿಯಬೇಕು. ನಮ್ಮ ಅಂಚೆಯ ಪಿನ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. 5 ಎಂದು ಮೊದಲಾದರೆ ಆಂಧ್ರ, ತೆಲಂಗಾಣ, ಕರ್ನಾಟಕಗಳ ಕಡೆ. 515 ಎಂದರೆ ಅನಂತಪುರದ ಕಡೆ. ಅಂಚೆಯವನ ಮುಂದೆ ‘5ರವೆಲ್ಲ ಇತ್ತ’, ‘515ರವೆಲ್ಲ ಅತ್ತ’ ಎಂಬ ಎರಡು ಫಲಕಗಳಿದ್ದರೆ, ಹಿಂದೂಪುರದ ಕಾಗದಕ್ಕೆ ಅವನು ಎರಡನೆಯದನ್ನೇ ಅನುಸರಿಸುವನು. ಹೆಚ್ಚು ಖಚಿತವಾದುದೇ ಗೆಲ್ಲುತ್ತದೆ. ಅಂತರಜಾಲದಲ್ಲಿಯೂ ಹೀಗೆಯೇ. ಆದರೆ ಅಲ್ಲಿ ಫಲಕವನ್ನು ಯಾರು ಬೇಕಾದರೂ ನೆಡಬಹುದಾಗಿತ್ತು!

2008ರ ಫೆಬ್ರವರಿ 24ರಂದು ಇದರ ಕೇಡು ಜಗತ್ತಿಗೆಲ್ಲ ಕಂಡಿತು. ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಬೇಕೆಂದು ಪಾಕಿಸ್ತಾನ ಸರ್ಕಾರವು ಆಜ್ಞಾಪಿಸಿತ್ತು. ಯೂಟ್ಯೂಬ್ 1,024 ವಿಳಾಸಗಳ ಒಂದು ಕಟ್ಟನ್ನು ತನ್ನದೆಂದು ಸಾರಿದ್ದಿತು. ಪಾಕಿಸ್ತಾನ ಟೆಲಿಕಾಂ ಸಂಸ್ಥೆಯು ಅದರೊಳಗಿನ 256 ವಿಳಾಸಗಳನ್ನು ತನ್ನವೆಂದು ಸಾರಿತು. ಆ ಕೂಗು ದೇಶದೊಳಗೆ ನಿಲ್ಲಬೇಕಾಗಿದ್ದುದು ಹೊರಕ್ಕೆ ಸೋರಿತು. ಹಾಂಗ್‌ಕಾಂಗಿನ ಪಿ.ಸಿ.ಸಿ.ಡಬ್ಲ್ಯು. ಜಾಲವು ವಿಚಾರಿಸದೆ ಅದನ್ನು ಮುಂದಕ್ಕೆ ಸಾಗಿಸಿತು. ಚಿಕ್ಕ ಕಟ್ಟು ಹೆಚ್ಚು ಖಚಿತವಾದುದರಿಂದ ಅದೇ ಗೆದ್ದಿತು. ಎರಡು ಗಂಟೆಗಳಷ್ಟು ಕಾಲ ಲೋಕದ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲವಾಯಿತು. ತಪ್ಪು ಸಾರಿದವನಷ್ಟೇ, ಕೇಳಿ ನಂಬಿದವನೂ ಹೊಣೆಗಾರನೆಂದು ನಾವು ಎಣಿಸುತ್ತೇವೆ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2015ರ ನವೆಂಬರಿನಲ್ಲಿ ಏರ್‌ಟೆಲ್ ಜಾಲದಿಂದ 16,000ಕ್ಕೂ ಹೆಚ್ಚು ವಿಳಾಸದ ಕಟ್ಟುಗಳೂ, 2021ರ ಏಪ್ರಿಲಿನಲ್ಲಿ ವೊಡಾಫೋನ್ ಐಡಿಯ ಜಾಲದಿಂದ 30,000ಕ್ಕೂ ಹೆಚ್ಚು ಕಟ್ಟುಗಳೂ ತಪ್ಪಾಗಿ ಸಾರಲ್ಪಟ್ಟವು.

ಹಾಗಾದರೆ ಒಂದು ಕಾನೂನನ್ನು ಮಾಡಬಾರದೇ ಎಂದು ಪೋಷಕರು ಕೇಳಬಹುದು. ಎಲ್ಲ ದೇಶಗಳ ಜಾಲಗಳ ಮೇಲೆ ಅಧಿಕಾರವುಳ್ಳ ದೊರೆ ಯಾರೂ ಇಲ್ಲ. ಅಂತರಜಾಲದ ನಿಯಮಗಳನ್ನು ರಚಿಸುವ ಐ.ಇ.ಟಿ.ಎಫ್. ಎಂಬ ಸಭೆಯಲ್ಲಿ ಮತದಾನವೇ ಇಲ್ಲ. ಸಭೆಯ ಒಲವನ್ನು ತಿಳಿಯಲು ಅಲ್ಲಿ ಸೇರಿದವರನ್ನು ಬಾಯಿಮುಚ್ಚಿ ‘ಹ್ಞೂಂ’ ಎಂದು ಗುನುಗಲು ಹೇಳುವುದುಂಟು! ನಗು ಬರಬಹುದು, ಆದರೆ ಇದರ ಹಿಂದೆ ಗಂಭೀರವಾದ ವಿಚಾರವಿದೆ. ಎಷ್ಟು ಮಂದಿ ಒಪ್ಪಿದರೆಂಬುದಕ್ಕಿಂತ, ಒಪ್ಪದವನ ಆಕ್ಷೇಪಕ್ಕೆ ಸರಿಯಾದ ಉತ್ತರ ದೊರೆಯಿತೇ ಎಂಬುದು ಅಲ್ಲಿ ಮುಖ್ಯ. ಹಳ್ಳಿಯ ಕಟ್ಟೆಯ ಮೇಲೆ ಕೆರೆಯ ನೀರಿನ ಸರದಿಯನ್ನು ಗೊತ್ತುಮಾಡುವ ಹಿರಿಯರಿಗೆ ಈ ರೀತಿ ಹೊಸದೆನಿಸಲಾರದು.

ಹೀಗೆಯೇ 2014ರ ನವೆಂಬರಿನಲ್ಲಿ ಕೆಲವು ಜಾಲಗಳವರು ಇಂಟರ್ನೆಟ್ ಸೊಸೈಟಿಯ ನೆರವಿನಿಂದ ‘ಮ್ಯಾನರ್ಸ್’ ಎಂಬ ಒಡಂಬಡಿಕೆಯನ್ನು ಪ್ರಕಟಿಸಿದರು. ಉಚ್ಚಾರಣೆಯಲ್ಲಿ ಶಿಷ್ಟಾಚಾರವೆಂಬ ಅರ್ಥದ ಇಂಗ್ಲಿಷ್ ಪದವನ್ನೇ ಅದು ನೆನಪಿಗೆ ತರುತ್ತದೆ. ತನ್ನ ಗ್ರಾಹಕರು ಸಾರುವುದನ್ನು ಪರೀಕ್ಷಿಸದೆ ಮುಂದಕ್ಕೆ ಬಿಡಬಾರದು. ಸುಳ್ಳು ಕಳುಹಿಸುವವರ ವಿಳಾಸ ಹೊತ್ತ ಸಂದೇಶಗಳನ್ನು ತಡೆಯಬೇಕು. ಆಪತ್ತಿನಲ್ಲಿ ಕೂಗಿದರೆ ಓಗೊಡುವಂತೆ ತನ್ನ ಸಂಪರ್ಕವನ್ನು ಬಹಿರಂಗವಾಗಿಡಬೇಕು. ತನ್ನ ದಾರಿಗಳನ್ನು ಇತರರು ಪರಿಶೀಲಿಸುವಂತೆ ದಾಖಲಿಸಬೇಕು. ಇಷ್ಟೇ. ಇದು ತೀರ ಕಡಿಮೆಯೆಂದು ಕೆಲವರು ಹೇಳುವರು. ಆದರೆ ಕಠಿಣ ನಿಯಮವನ್ನು ಬರೆದಿದ್ದರೆ ಸಹಿ ಹಾಕುವವರು ಎಲ್ಲಿ ಸಿಗುತ್ತಿದ್ದರು? ಇದರಲ್ಲಿ ಖರ್ಚು ನನ್ನದು, ಲಾಭ ನೆರೆಯವನದು. ನೆರೆಯವನೂ ಮಾಡಿದರೆ ಮಾತ್ರ ನನಗೆ ಲಾಭ. ಹೀಗಿರುವಲ್ಲಿ ಎಲ್ಲರೂ ಹೊರಬಲ್ಲ ಭಾರದಿಂದ ತೊಡಗಿದುದು ವಿವೇಕವೆಂದೇ ನಮ್ಮ ಅಭಿಪ್ರಾಯ.

ನಾಲ್ಕನೆಯ ಕರ್ತವ್ಯಕ್ಕೆ ಒದಗಿದ ಸಾಧನವು ಲೇಪಾಕ್ಷಿಯ ಶಾಸನದಂತಹುದೇ. ಈ ವಿಳಾಸಗಳನ್ನು ಸಾರಲು ಇಂಥ ಜಾಲಕ್ಕೆ ಮಾತ್ರ ಹಕ್ಕು ಎಂದು ವಿಳಾಸದ ಒಡೆಯನು ಗಣಿತದ ಮುದ್ರೆಯೊತ್ತಿದ ಪತ್ರವನ್ನು ಪ್ರಕಟಿಸುತ್ತಾನೆ. ಇದಕ್ಕೆ ಆರ್.ಪಿ.ಕೆ.ಐ. ಎಂದು ಹೆಸರು. ನಮ್ಮ ಭಾಗಕ್ಕೆ ಬ್ರಿಸ್ಬೇನಿನ ಎಪಿನಿಕ್ ಸಂಸ್ಥೆಯೂ, ಭಾರತದೊಳಗೆ ಇರಿನ್ ಸಂಸ್ಥೆಯೂ ವಿಳಾಸಗಳ ದಫ್ತರವನ್ನು ಇಟ್ಟಿವೆ. 2024ರ ಮೇ ವೇಳೆಗೆ ಹಳೆಯ ಬಗೆಯ, ಎಂದರೆ ನಾಲ್ಕನೆಯ ಆವೃತ್ತಿಯ, ವಿಳಾಸದ ದಾರಿಗಳಲ್ಲಿ ಅರ್ಧಕ್ಕೂ ಮಿಕ್ಕವುಗಳಿಗೆ ಇಂಥ ಪತ್ರ ಸಿದ್ಧವಾಗಿತ್ತು.

ಆದರೆ ಶಾಸನವಿದ್ದ ಮಾತ್ರಕ್ಕೆ ಓದುವವನು ಬೇಡವೇ? ಪತ್ರಕ್ಕೆ ವಿರುದ್ಧವಾದ ಸಾರುವಿಕೆಯನ್ನು ತಿರಸ್ಕರಿಸುವ ಜಾಲಗಳು ಇನ್ನೂ ಹೆಚ್ಚಬೇಕಾಗಿದೆ. ಮೇಲಾಗಿ ಆ ಪತ್ರವು ಒಡೆಯನಾರೆಂದು ಹೇಳುವುದೇ ಹೊರತು ದಾರಿಯ ಸತ್ಯವನ್ನು ಹೇಳದು. 2018ರ ನವೆಂಬರ್ 12ರಂದು ನೈಜೀರಿಯದ ಮೇನ್‌ಒನ್ ಜಾಲವು ಗೂಗಲಿನ ದಾರಿಗಳನ್ನು ತಪ್ಪಾಗಿ ಚೀನ ಟೆಲಿಕಾಂ ಕಡೆಗೆ ಸೋರಗೊಟ್ಟಾಗ ಒಡೆಯನ ಹೆಸರು ಸರಿಯಾಗಿಯೇ ಇದ್ದಿತು. ನಡುವಣ ದಾರಿ ಮಾತ್ರ ತಪ್ಪಿತ್ತು. ಅಂಥದನ್ನು ಹಿಡಿಯಲು ದಾರಿಯನ್ನೇ ಪರೀಕ್ಷಿಸುವ ಹೊಸ ಪದ್ಧತಿಯೊಂದು ಐ.ಇ.ಟಿ.ಎಫ್. ಸಭೆಯಲ್ಲಿ ರೂಪುಗೊಂಡಿದೆ.

ತಮ್ಮ ಮನೆಗೆ ಸಂಪರ್ಕ ಕೊಟ್ಟ ಕಂಪನಿಯು ಆ ಒಡೆತನದ ಪತ್ರಗಳನ್ನು ಓದುತ್ತದೆಯೇ ಎಂಬುದನ್ನು ಹಿಂದೂಪುರ, ಕಲ್ಯಾಣದುರ್ಗಗಳ ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಕ್ಲೌಡ್‌ಫ್ಲೇರ್ ಸಂಸ್ಥೆಯು 2020ರಲ್ಲಿ ‘ಇಸ್ ಬಿಜಿಪಿ ಸೇಫ್ ಯೆಟ್’ ಎಂಬ ಪರೀಕ್ಷೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ತಂದೆತಾಯಿಗಳ ಅನುಮತಿ ಪಡೆದು ಅವರ ಫೋನಿನಲ್ಲಿ ಅದನ್ನು ನಡೆಸಿ, ಬಂದ ಉತ್ತರವನ್ನು ಬರೆದಿಟ್ಟುಕೊಂಡು, ಬೇರೆ ಕಂಪನಿಯ ಸಂಪರ್ಕವುಳ್ಳ ಗೆಳೆಯರ ಉತ್ತರದೊಡನೆ ಹೋಲಿಸಿ ನೋಡಿರಿ.