ರಾತ್ರಿ ಏಳುವ ಮಗುವಿಗೆ ಔಷಧಿ ಬೇಡ, ಹಗಲಿನ ಬೆಳಕು ಬೇಕು

"ಹಕೀಂ ಸಾಬ್, ಮಗು ರಾತ್ರಿಯೆಲ್ಲಾ ಎದ್ದಿರುತ್ತೆ. ನಿದ್ದೆ ಬರೋ ಹಾಗೆ ಏನಾದರೂ ಕೊಡಿ."

ದೊಡ್ಡಬಳ್ಳಾಪುರದ ನನ್ನ ದವಾಖಾನೆಯಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ಕುಟುಂಬ ಮೂರು ತಿಂಗಳ ಮಗುವನ್ನು ಕರೆತಂದಿತ್ತು. ಅವತ್ತು ಅವರ ದೂರು ತಿರುಗುಮುರುಗಾಗಿತ್ತು. ಮಗು ಏಳುತ್ತಿಲ್ಲ ಎನ್ನುವುದೇ ಅವರ ಚಿಂತೆ. ತಂದೆಗೆ ದೇವನಹಳ್ಳಿ ಕಡೆ ರಾತ್ರಿ ಪಾಳಿಯ ಕೆಲಸ, ತಾಯಿಗೆ ಮೂರು ತಿಂಗಳಿಂದ ಸರಿಯಾದ ನಿದ್ದೆಯಿಲ್ಲ. ಸೊಸೆಯ ಕಷ್ಟ ನೋಡಲಾರದೆ ದಾದಿ ಸಾಣೆಕಲ್ಲಿನ ಮೇಲೆ ಜಾಜಿಕಾಯಿ ತೇದು ಹಾಲಿನಲ್ಲಿ ಕೊಡುತ್ತಿದ್ದರು. ಮೊದಲು ಒಂದು ಸುತ್ತು, ಆಮೇಲೆ ನಾಲ್ಕೈದು ಸುತ್ತು. ಹಿಂದಿನ ರಾತ್ರಿ ಅದರ ಜೊತೆಗೆ ಮನೆಯಲ್ಲಿದ್ದ ಶೀತದ ಸಿರಪ್ಪನ್ನೂ ಹಾಕಿದ್ದರು. ಬೆಳಿಗ್ಗೆ ಮಗು ಎದೆ ಹಿಡಿಯಲಿಲ್ಲ, ಕೈಕಾಲು ಬಟ್ಟೆಯಂತೆ ಜೋತಾಡುತ್ತಿದ್ದವು. ನಾನು ಯಾವ ಔಷಧಿಯನ್ನೂ ಕೊಡದೆ ತಕ್ಷಣ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಾಹನ ಕೃಪೆಯಿಂದ ಮಗು ಚೇತರಿಸಿಕೊಂಡಿತು. ಆಮೇಲೆ ಬಂದ ದಾದಿ ಕಣ್ಣೀರಿಟ್ಟು, "ನನ್ನ ಮಕ್ಕಳಿಗೆಲ್ಲ ಇದನ್ನೇ ಕೊಟ್ಟು ಬೆಳೆಸಿದೆನಲ್ಲಾ" ಎಂದರು. ಅವರದು ಪ್ರೀತಿಯೇ, ಆದರೆ ತಿಳಿವಳಿಕೆ ಸಾಲದಾಗಿತ್ತು. ಈ ಲೇಖನ ಅಂಥ ಮನೆಗಳಿಗಾಗಿ.

ಮಗು ಏಕೆ ಏಳುತ್ತದೆ?

ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ಹೇಳಲಾಗಿದೆ. ಅವನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಗಾಳಿ ಮತ್ತು ಆಹಾರದ ಜೊತೆಗೆ ನಿದ್ದೆ ಮತ್ತು ಎಚ್ಚರವೂ ಅವುಗಳಲ್ಲಿ ಒಂದು. ಗಮನಿಸಿ, ನಿದ್ದೆ ಮಾತ್ರವಲ್ಲ, ಎಚ್ಚರವೂ ಆರೋಗ್ಯಕ್ಕೆ ಬೇಕು.

ಎಳೆಯ ಮಗುವಿನ ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುತ್ತದೆ. ಆದ್ದರಿಂದ ಹುಟ್ಟಿದ ಮಗು 24 ಗಂಟೆಯಲ್ಲಿ 8ರಿಂದ 12 ಬಾರಿ ಹಾಲು ಕುಡಿಯಬೇಕು. ಅವುಗಳಲ್ಲಿ ಕೆಲವು ರಾತ್ರಿಯೇ ಬೀಳುತ್ತವೆ. ರಾತ್ರಿ ಹಾಲುಣಿಸಿದರೆ ತಾಯಿಯ ಹಾಲೂ ಚೆನ್ನಾಗಿ ಇಳಿಯುತ್ತದೆ.

ಇನ್ನೊಂದು ಕಾರಣವಿದೆ. ನಿದ್ದೆ ಎಂದರೆ ಒಂದೇ ಸಮನೆ ಎಳೆದ ದಾರವಲ್ಲ. ಅದು ಗಾಢವಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ದೊಡ್ಡವರಲ್ಲಿ ಈ ಒಂದು ಸುತ್ತು ಸುಮಾರು 90 ನಿಮಿಷ, ಶಿಶುವಿನಲ್ಲಿ ಸುಮಾರು 50 ನಿಮಿಷ. ಪ್ರತಿ ಸುತ್ತಿನ ಕೊನೆಯಲ್ಲಿ ನಾವೂ ಅರೆ ಎಚ್ಚರವಾಗಿ ಮಗ್ಗುಲು ಬದಲಿಸಿ ಮಲಗುತ್ತೇವೆ. ಮಗುವಿಗೆ ಅದು ಇನ್ನೂ ಬರುವುದಿಲ್ಲ, ಅಳುತ್ತದೆ. ಅಷ್ಟಕ್ಕೇ 'ನಝರ್ ತಗುಲಿದೆ' ಎಂದು ಹೆದರಬೇಡಿ. ದುಆ ಮಾಡಿ, ಜೊತೆಗೆ ಹಸಿವು, ಒದ್ದೆ ಬಟ್ಟೆ, ಸೆಕೆ, ಮೂಗು ಕಟ್ಟಿರುವುದು ಇವನ್ನೂ ನೋಡಿ.

ಯಾವ ವಯಸ್ಸಿಗೆ ಎಷ್ಟು ನಿದ್ದೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ದಿನಕ್ಕೆ ಬೇಕಾದ ನಿದ್ದೆ (ಹಗಲಿನದೂ ಸೇರಿ) ಹೀಗಿದೆ:

0–3 ತಿಂಗಳು: 14–17 ಗಂಟೆ
4–11 ತಿಂಗಳು: 12–16 ಗಂಟೆ
1–2 ವರ್ಷ: 11–14 ಗಂಟೆ

ಮೊದಲ ಆರು ವಾರಗಳಲ್ಲಿ ಈ ನಿದ್ದೆ ಹಗಲು ರಾತ್ರಿಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಎರಡರಿಂದ ಮೂರು ತಿಂಗಳ ಹೊತ್ತಿಗೆ ಮಗುವಿನ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂಬ ಲೆಕ್ಕ ಸಿಗತೊಡಗುತ್ತದೆ. ಅನೇಕ ಮಕ್ಕಳು ನಾಲ್ಕರಿಂದ ಆರು ತಿಂಗಳಲ್ಲಿ ರಾತ್ರಿ ಐದಾರು ಗಂಟೆ ಒಟ್ಟಿಗೆ ಮಲಗುತ್ತವೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ, ಹುಟ್ಟಬೇಕಿದ್ದ ದಿನದಿಂದ ವಯಸ್ಸು ಲೆಕ್ಕ ಹಾಕಿ.

'ರಾತ್ರಿಯಿಡೀ ಮಲಗಿತು' ಎಂದರೆ ಇಶಾದಿಂದ ಫಜ್ರ್‌ವರೆಗೆ ಎಂದುಕೊಳ್ಳಬೇಡಿ. 1957ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಅಳದೆ ಮಲಗಿದರೆ ಸಾಕು ಎಂದು ಎಣಿಸಿದ್ದರು. 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಆರು ತಿಂಗಳ 388 ಮಕ್ಕಳನ್ನು ನೋಡಲಾಯಿತು. ಅವರಲ್ಲಿ ಸುಮಾರು ಶೇ. 38ರಷ್ಟು ಮಕ್ಕಳು ಒಟ್ಟಿಗೆ ಆರು ಗಂಟೆ ಮಲಗುತ್ತಿರಲಿಲ್ಲ. ಒಂದು ವರ್ಷ ತುಂಬಿದಾಗಲೂ ಶೇ. 28ರಷ್ಟು ಮಕ್ಕಳು ಹಾಗೆಯೇ ಇದ್ದರು. ಹಾಗೆಂದು ಅವರ ಬೆಳವಣಿಗೆ ಹಿಂದೆ ಬಿದ್ದಿರಲಿಲ್ಲ. ನನ್ನ ಮೊದಲ ಮಗುವೂ ಹನ್ನೊಂದು ತಿಂಗಳವರೆಗೆ ರಾತ್ರಿ ಎರಡು ಬಾರಿ ಏಳುತ್ತಿತ್ತು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಕೊರಗಬೇಡಿ.

ಒಮ್ಮೆ ಚೆನ್ನಾಗಿ ಮಲಗಿದ ಮಗು ಮತ್ತೆ ಏಳತೊಡಗುವುದೂ ಉಂಟು. ಲಸಿಕೆ ಹಾಕಿಸಿದ ದಿನ, ಹಲ್ಲು ಬರುವಾಗ, ಎಂಟೊಂಬತ್ತು ತಿಂಗಳಲ್ಲಿ ತಾಯಿಯನ್ನು ಬಿಟ್ಟಿರಲು ಹೆದರುವಾಗ ಹೀಗಾಗುತ್ತದೆ. ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಚಿಲ್ಲಾದ ಕತ್ತಲೆ ಕೋಣೆ

ನಮ್ಮ ಮನೆಗಳಲ್ಲಿ ನಲವತ್ತು ದಿನ ಬಾಣಂತಿಯನ್ನು ಮಗುವಿನೊಂದಿಗೆ ಒಂದು ಕೋಣೆಯಲ್ಲಿ ಇರಿಸುತ್ತೇವೆ. ತಾಯಿಗೆ ವಿಶ್ರಾಂತಿ ಕೊಡುವ ಈ ಪದ್ಧತಿ ಒಳ್ಳೆಯದೇ. ಆದರೆ ಕಿಟಕಿ ಮುಚ್ಚಿ, ಪರದೆ ಎಳೆದು, ಹಗಲಲ್ಲೂ ಕತ್ತಲೆ ಮಾಡುತ್ತೇವೆ. ರಾತ್ರಿಯಾದರೆ ಟ್ಯೂಬ್‌ಲೈಟ್ ಉರಿಯುತ್ತದೆ, ನೋಡಲು ಬಂದ ನೆಂಟರು, ಟಿ.ವಿ., ಮೊಬೈಲ್. ಮಧ್ಯಾಹ್ನ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ ಮೇಲೆ ಮಗು ಸಂಜೆಯವರೆಗೆ ಮಲಗುತ್ತದೆ, ಮನೆಯವರು ಮಲಗುವ ಹೊತ್ತಿಗೆ ಕಣ್ಣು ಬಿಡುತ್ತದೆ. ಹಗಲು ಯಾವುದೆಂದು ನಾವೇ ತೋರಿಸದಿದ್ದರೆ ಮಗುವಿಗೆ ತಿಳಿಯುವುದು ಹೇಗೆ?

ಚಿಲ್ಲಾ ಪಾಲಿಸಿ, ಕತ್ತಲೆ ಮಾತ್ರ ಬಿಡಿ. ನೇರ ಬಿಸಿಲು ಬೀಳದಂತೆ ಕಿಟಕಿ ತೆರೆದಿಡಿ. ಕೋಣೆಯಲ್ಲಿ ಸಾಂಬ್ರಾಣಿ, ಲೋಬಾನದ ಹೊಗೆ ಹಾಕಬೇಡಿ. ಎಳೆಯ ಶ್ವಾಸನಾಳಕ್ಕೆ ಹೊಗೆ ಯಾವುದಾದರೂ ಹೊಗೆಯೇ. ವಿಜಯಪುರದಂತಹ ಊರುಗಳಲ್ಲಿ ಮನೆಗೆ ಸೇರಿದಂತೆ ರೇಷ್ಮೆ ನೂಲು ತೆಗೆಯುವ ಒಲೆಯಿದ್ದರೆ, ಮಗು ಮಲಗುವ ಕೋಣೆ ಅದರಿಂದ ದೂರವಿರಲಿ.

ಐದು ಅಝಾನ್‌ಗಳೇ ಗಡಿಯಾರ

ಮಗುವಿಗೆ ದಿನವೂ ಒಂದೇ ಕ್ರಮ ಬೇಕು. ನಮ್ಮ ಮನೆಗಳಲ್ಲಿ ಆ ಕ್ರಮ ಮೊದಲೇ ಇದೆ.

ಫಜ್ರ್ ಆದ ಮೇಲೆ, ಬೆಳಕು ಹರಿದಾಗ ಕಿಟಕಿ ತೆರೆಯಿರಿ. ಮಗುವಿನೊಂದಿಗೆ ಮಾತನಾಡಿ, ಎಳೆಬಿಸಿಲಿನ ಹೊತ್ತು ಸ್ವಲ್ಪ ಹೊರಗೆ ಎತ್ತಿಕೊಂಡು ಬನ್ನಿ.

ಝುಹರ್‌ಗೆ ಮುಂಚೆ ಎಣ್ಣೆ, ಸ್ನಾನ ಮುಗಿಯಲಿ. ಕೊಬ್ಬರಿ ಎಣ್ಣೆಯೋ ಬಾದಾಮಿ ಎಣ್ಣೆಯೋ ಹಗುರ ಕೈಯಲ್ಲಿ ಹಚ್ಚಿ. ಕಿವಿ, ಮೂಗಿಗೆ ಹಾಕಬೇಡಿ. ಹಗಲು ನಿದ್ದೆಯಲ್ಲಿ ಮನೆಯ ಮಾಮೂಲಿ ಸದ್ದು ಇರಲಿ. ದೊಡ್ಡಬಳ್ಳಾಪುರದ ಮಕ್ಕಳು ಮಗ್ಗದ ಸದ್ದಿನಲ್ಲೂ ಮಲಗುವುದನ್ನು ನೀವೇ ನೋಡಿದ್ದೀರಿ.

ಅಸರ್‌ನ ನಂತರ ದೀರ್ಘ ನಿದ್ದೆ ಬೇಡ. ಎತ್ತಿಕೊಂಡು ಆಡಿಸಿ.

ಮಗ್ರಿಬ್ ಆದ ಮೇಲೆ ದೀಪ ಕಡಿಮೆ ಮಾಡಿ, ಟಿ.ವಿ. ಆರಿಸಿ, ದನಿ ತಗ್ಗಿಸಿ.

ಇಶಾದ ಹೊತ್ತಿಗೆ ಬಟ್ಟೆ ಬದಲಿಸಿ ಹೊಟ್ಟೆತುಂಬ ಹಾಲು ಕೊಟ್ಟು ಮಲಗಿಸಿ. ಕ್ರಿ.ಶ. 1037ರಲ್ಲಿ ತೀರಿಕೊಂಡ ಮಹಾನ್ ಹಕೀಂ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಶಿಶುವನ್ನು ಮಂದ ಬೆಳಕಿನ, ಹದವಾದ ಕೋಣೆಯಲ್ಲಿ ಮಲಗಿಸಲು ಹೇಳಿದ್ದಾರೆ. ಮೆಲ್ಲಗೆ ತೂಗುವುದು, ಹಾಡುವುದು ಮಗುವಿಗೆ ಒಳ್ಳೆಯದೆಂದೂ ಬರೆದಿದ್ದಾರೆ. ನಾನಿಯ ಲಾಲಿ ಇಂದಿಗೂ ಅದೇ ಕೆಲಸ ಮಾಡುತ್ತದೆ. ಮೂರು ತಿಂಗಳ ನಂತರ, ಕಣ್ಣು ಎಳೆಯುತ್ತಿರುವಾಗಲೇ ಹಾಸಿಗೆಗೆ ಹಾಕಿ ನೋಡಿ. ತಾನಾಗಿ ನಿದ್ದೆಗೆ ಜಾರಲು ಮಗು ಹೀಗೆಯೇ ಕಲಿಯುತ್ತದೆ.

ರಾತ್ರಿ ಎದ್ದಾಗ ದೊಡ್ಡ ದೀಪ ಹಾಕಬೇಡಿ, ಮಾತನಾಡಿಸಬೇಡಿ, ಮೊಬೈಲ್ ತೆರೆಯಬೇಡಿ. ಹಾಲು ಕೊಟ್ಟು, ತೇಗು ಬರಿಸಿ, ಮತ್ತೆ ಮಲಗಿಸಿ. ದೊಡ್ಡ ಮಗು ಸ್ವಲ್ಪ ಮುಲುಗಿದರೆ ಒಂದೆರಡು ನಿಮಿಷ ಕಾಯಿರಿ, ತಾನೇ ಮಲಗಬಹುದು.

ಇವು ಬೇಡವೇ ಬೇಡ

ಜಾಜಿಕಾಯಿ, ಅಫೀಮು, ಗಸಗಸೆ ಸಿಪ್ಪೆಯ ಕಷಾಯ: ಹಳೆಯ ಯುನಾನಿ ಗ್ರಂಥಗಳಲ್ಲಿ ನಿದ್ದೆಗೆ ಅಫೀಮು, ಗಸಗಸೆಯ ಉಲ್ಲೇಖ ಇದೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಶಿಶುವಿಗೆ ಇವು ಸಲ್ಲವು. ಅಫೀಮು ಉಸಿರಾಟವನ್ನೇ ನಿಲ್ಲಿಸಬಲ್ಲದು. ಜಾಜಿಕಾಯಿ ಹೆಚ್ಚಾದರೆ ವಿಷ, ಸಾಣೆಕಲ್ಲಿನ ಮೇಲೆ ಅದರ ಪ್ರಮಾಣ ಯಾರಿಗೂ ತಿಳಿಯದು.

ಶೀತದ ಸಿರಪ್: ಮಂಪರು ಬರಲೆಂದು ಇದನ್ನು ಕೊಡುವುದು ಅಪಾಯ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿಯೇ ಸೂಚಿಸಿದ್ದಾರೆ.

ಆರು ತಿಂಗಳ ಮೊದಲು ರಾಗಿ ಸರಿ: 'ಹೊಟ್ಟೆ ಭಾರವಾದರೆ ಮಲಗುತ್ತದೆ' ಎಂಬ ಮಾತನ್ನು ನಂಬಿ ಕೊಡಬೇಡಿ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ನಂತರ ಸರಿಯೂ ಇರಲಿ, ಹಾಲೂ ಇರಲಿ. ಸೂರಃ ಅಲ್ ಬಕರದ 233ನೇ ವಚನದಲ್ಲಿ ಎರಡು ವರ್ಷ ಹಾಲುಣಿಸುವ ವಿಷಯ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಎರಡು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟು ಎನ್ನುತ್ತದೆ.

ಜೇನು: ಚೀಪಲು ಜೇನು ಹಚ್ಚಿ ಕೊಡುವುದು ಒಂದು ವರ್ಷ ತುಂಬುವವರೆಗೆ ಬೇಡ.

ಮಲಗಿಸುವ ಜಾಗ

ಮಗುವನ್ನು ಬೆನ್ನಿನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ನಿಮ್ಮ ಕೋಣೆಯಲ್ಲೇ ಮಲಗಿಸಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ದಪ್ಪ ರಜಾಯಿ ಬೇಡ. ಸೀರೆ ಜೋಲಿಯಲ್ಲಿ ತೂಗಿದರೂ ನಿದ್ದೆ ಬಂದ ಮೇಲೆ ಹಾಸಿಗೆಗೆ ಬದಲಿಸಿ. ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು. ಕುತ್ತಿಗೆಯಲ್ಲಿ ದಾರ, ಸರ, ತಾವೀಝ್ ಇರಬಾರದು. ಸೊಳ್ಳೆ ಪರದೆ ಇರಲಿ. ಬೀಡಿ ಸಿಗರೇಟು ಸೇದುವವರು ಮಗುವಿನ ಜೊತೆ ಮಲಗಬಾರದು.

ಯಾವಾಗ ಆಸ್ಪತ್ರೆಗೆ?

ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಜೋತುಬಿದ್ದರೆ, ಉಸಿರು ವೇಗವಾದರೆ, ಹಸಿರು ವಾಂತಿ ಅಥವಾ ಫಿಟ್ಸ್ ಬಂದರೆ, ಸಮಾಧಾನವಾಗದೆ ಕಿರುಚಿ ಅತ್ತರೆ ಕಾಯಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅದೇ ಹೊತ್ತು ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ. ಮೂತ್ರ ದಿನಕ್ಕೆ ಆರು ಬಾರಿಗಿಂತ ಕಡಿಮೆಯಾದರೆ, ತೂಕ ಏರದಿದ್ದರೆ, ಪ್ರತಿ ರಾತ್ರಿ ಗೊರಕೆ ಹೊಡೆದರೆ ವೈದ್ಯರಿಗೆ ತೋರಿಸಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯಿಂದ ತೂಕ ನೋಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ.

ತಾಯಿಯ ನಿದ್ದೆ ಯಾರ ಹೊಣೆ?

ಮಗು ಏಳುವುದನ್ನು ನಿಲ್ಲಿಸಲು ಆಗದು. ತಾಯಿ ಒಬ್ಬಳೇ ಏಳುವುದನ್ನು ನಿಲ್ಲಿಸಬಹುದು. ಆ ದಾದಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮಾ, ಜಾಜಿಕಾಯಿ ತೇಯುವ ಆ ಹತ್ತು ನಿಮಿಷ ಮಗುವನ್ನು ಹೆಗಲ ಮೇಲೆ ಹಾಕಿಕೊಳ್ಳಿ." ಈಗ ಫಜ್ರ್ ನಂತರ ಎರಡು ಗಂಟೆ ಮಗು ದಾದಿಯ ಬಳಿ, ಸೊಸೆಗೆ ನಿದ್ದೆ. ಪಾಳಿ ಮುಗಿಸಿ ಬಂದ ತಂದೆ ಸ್ವಲ್ಪ ಮಲಗಿ ಎದ್ದು, ಮಧ್ಯಾಹ್ನ ಬಟ್ಟೆ ಬದಲಿಸುವುದು, ತೇಗು ಬರಿಸುವುದು ಮಾಡುತ್ತಾನೆ. ಐದನೇ ತಿಂಗಳಿಗೆ ಮಗು ಒಟ್ಟಿಗೆ ಐದು ಗಂಟೆ ಮಲಗತೊಡಗಿತು.

ಬಾಣಂತಿ ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿದ್ದರೆ, ಮಗು ಮಲಗಿದಾಗಲೂ ಆಕೆಗೆ ನಿದ್ದೆ ಬಾರದಿದ್ದರೆ, ಅದನ್ನು ಸೋಮಾರಿತನ ಎನ್ನಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ.

ಪ್ರವಾದಿವರ್ಯರು(ಸ) ನಮಾಝ್‌ನಲ್ಲಿದ್ದಾಗ ಮಗುವಿನ ಅಳು ಕೇಳಿದರೆ, ಅದರ ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ತಾಯಿಯ ಕಷ್ಟಕ್ಕೆ ನಮಾಝ್‌ನಲ್ಲೇ ಅಷ್ಟು ಗಮನವಿದ್ದರೆ, ನಮ್ಮ ನಿದ್ದೆಯಲ್ಲಿ ಅರ್ಧ ಗಂಟೆ ಬಿಟ್ಟುಕೊಡುವುದು ದೊಡ್ಡದೇನಲ್ಲ. ಇಂದು ರಾತ್ರಿ ಮಗು ಅತ್ತಾಗ ಮನೆಯಲ್ಲಿ ಇನ್ನೊಬ್ಬರೂ ಏಳಲಿ. ಮಗು ಮಲಗುವ ದಿನ ಬಂದೇ ಬರುತ್ತದೆ, ಇನ್‌ಶಾ ಅಲ್ಲಾಹ್.