ಕುಡಿತ ಬಿಡಲಿಲ್ಲವೆಂದು ಗುಳಿಗೆ ಬಿಟ್ಟ ಅಣ್ಣ

ಪ್ರಶ್ನೆ: ನಮ್ಮಣ್ಣ ಗ್ರಾನೈಟ್ ಪಾಲಿಶ್ ಕೆಲಸಕ್ಕ ಹೋಗ್ತಾನ. ದೀಪಾವಳಿ ಮುಂದ ಟಿಬಿ ಅಂತ ಗೊತ್ತಾತು. ಎರಡು ತಿಂಗಳ ಗುಳಿಗಿ ತಗೊಂಡ, ಕೆಮ್ಮು ನಿಂತಿತು. ಈಗ ಹತ್ತು ದಿನ ಆತು, ಗುಳಿಗಿ ಮುಟ್ಟಿಲ್ಲ. ‘ಕುಡದಾಗ ಅದನ್ನ ತಗೋಬಾರದಂತ, ಕುಡಿಯೋದು ಬಿಡಾಕ ನನ್ನ ಕಡೆ ಆಗೂದಿಲ್ಲ’ ಅಂತಾನ. ಬನಶಂಕರಿ ಜಾತ್ರಿ ಮುಗಿಸಿ ಗೋವಾಕ್ಕ ದುಡಿಯಾಕ ಹೊಂಟಾನ. ವೈನಿ ಗುಳಿಗಿ ಅಂದ್ರ ಸಾಕು, ಜಗಳ. ಅವ್ವ ಅವಗ ಬ್ಯಾರೆ ತಾಟು ಇಟ್ಟಾಳ, ತಂಗಿ ಮದಿವಿ ಆಗೂತನಕ ಯಾರ ಮುಂದೂ ಹೇಳಬ್ಯಾಡ ಅಂತಾಳ. ನಾನು ಸಣ್ಣಾವ. ಏನ್ ಮಾಡ್ಲಿ?
– ಒಬ್ಬ ತಮ್ಮ, ಇಳಕಲ್

ಉತ್ತರ: ತಮ್ಮಾ, ನಿಮ್ಮಣ್ಣ ಹೇಳುವುದರಲ್ಲಿ ಅರ್ಧ ನಿಜವಿದೆ. ಟಿಬಿ ಗುಳಿಗೆಯಲ್ಲಿರುವ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರಿಗೆ ಭಾರ. ಮೇಲೆ ಕುಡಿತವೂ ಸೇರಿದರೆ ಕಾಮಾಲೆಯ ಭಯ ಹೆಚ್ಚು. ಆದರೆ ಅದಕ್ಕೆ ಉಪಾಯ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವುದು, ಲಿವರಿನ ರಕ್ತಪರೀಕ್ಷೆ ಮಾಡಿಸುವುದು, ಕುಡಿತವನ್ನು ಸಾಧ್ಯವಾದಷ್ಟು ಇಳಿಸುವುದು. ಗುಳಿಗೆ ಬಿಡುವುದಲ್ಲ. ಮನೆಯವರು ‘ಮೊದಲು ಕುಡಿತ ಬಿಡು, ಆಮೇಲೆ ಗುಳಿಗೆ’ ಎಂದು ಹಠ ಹಿಡಿದರೆ ಇಂಥ ಗಂಡಸರು ಬಿಡುವುದು ಗುಳಿಗೆಯನ್ನೇ. ಎರಡೂ ಜಗಳ ಬೇರೆ ಬೇರೆ ಇರಲಿ. ವೈನಿಗೆ ಇದನ್ನು ಮೊದಲು ಹೇಳು.

ಅವನು ಬಿಟ್ಟ ಹೊತ್ತೂ ನೋಡು. ಸಾಮಾನ್ಯ ಟಿಬಿಗೆ ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು. ಎರಡನೇ ತಿಂಗಳ ಕೊನೆಗೆ ಕೆಮ್ಮು ನಿಲ್ಲುತ್ತದೆ, ರೊಟ್ಟಿ ಸೇರುತ್ತದೆ, ಮೈಯಲ್ಲಿ ಕಸುವು ಬರುತ್ತದೆ. ರೋಗಾಣು ಮಾತ್ರ ಒಳಗೆ ಉಳಿದಿರುತ್ತದೆ. ಅರ್ಧಕ್ಕೆ ಬಿಟ್ಟರೆ ಈ ಔಷಧಕ್ಕೆ ಬಗ್ಗದ ಟಿಬಿಯಾಗಿ ತಿರುಗಿ ಬರಬಹುದು. ಮನೆಯಲ್ಲಿ ಉಳಿದ ಗುಳಿಗೆ ತೆಗೆದು ನೀವೇ ಶುರು ಮಾಡಬೇಡಿ. ಇಳಕಲ್ ಸರ್ಕಾರಿ ಆಸ್ಪತ್ರೆಗೋ ಹುನಗುಂದದ ತಾಲ್ಲೂಕು ಆಸ್ಪತ್ರೆಗೋ ಕಾರ್ಡು, ಉಳಿದ ಸ್ಟ್ರಿಪ್ಪು ಹಿಡಿದು ಕರೆದುಕೊಂಡು ಹೋಗು. ಎಷ್ಟು ದಿನ ತಪ್ಪಿದೆ ಎಂದು ಸುಳ್ಳಿಲ್ಲದೆ ಹೇಳಿ. ಕಫ ಮತ್ತೆ ನೋಡಿ, ಮುಂದುವರಿಸಬೇಕೋ ಮತ್ತೊಂದು ದಾರಿಯೋ ಎಂದು ಅವರು ತೀರ್ಮಾನಿಸುತ್ತಾರೆ. ಕಲ್ಲಿನ ಧೂಳಿನಲ್ಲಿ ಎಷ್ಟು ವರ್ಷ ದುಡಿದಿದ್ದಾನೆ ಎಂಬುದನ್ನೂ ಹೇಳಲೇಬೇಕು. ಗ್ರಾನೈಟ್ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಹೊಕ್ಕವರಿಗೆ ಟಿಬಿ ಸುಲಭವಾಗಿ ಅಂಟುತ್ತದೆ, ಅಂಥವರಿಗೆ ಚಿಕಿತ್ಸೆಯ ಅವಧಿ ಹೆಚ್ಚಿಸುವುದೂ ಉಂಟು. ಇಳಕಲ್‌ನ ಕೆಂಪು ಕಲ್ಲು ಪರದೇಶದ ಮನೆಗಳ ನೆಲಕ್ಕೆ ಹೊಳಪು ಕೊಡುತ್ತದೆ; ಅದನ್ನು ಉಜ್ಜಿದವನ ಎದೆಯ ಎಕ್ಸ್‌ರೇ ನೋಡುವವರು ಕಡಿಮೆ.

ನಿಮ್ಮಣ್ಣ ಒಬ್ಬನೇ ಹೀಗಲ್ಲ. 2019–21ರಲ್ಲಿ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಗಂಡಸರಲ್ಲಿ ರೋಗ ಹೆಂಗಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು, ಲಕ್ಷಣವಿದ್ದವರಲ್ಲಿ ಶೇ. 64ರಷ್ಟು ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ. ಆಸ್ಪತ್ರೆಯ ಸರದಿ ಒಂದು ದಿನದ ಪಗಾರ ತಿನ್ನುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬರುವ ಹೊತ್ತಿಗೆ ಅವನು ಕೆಲಸದಲ್ಲಿರುತ್ತಾನೆ. ಅದಕ್ಕೇ ಆಸ್ಪತ್ರೆಯಲ್ಲಿರುವ ಟಿಬಿ ಚಿಕಿತ್ಸಾ ಮೇಲ್ವಿಚಾರಕರನ್ನು ಭೇಟಿಯಾಗಿ, ‘ನಾನೇ ಅಣ್ಣನ ಚಿಕಿತ್ಸಾ ಬೆಂಬಲಿಗ ಆಗ್ತೀನಿ’ ಎನ್ನು, ಮನೆಯವರೂ ಆಗಬಹುದು. ಟಿಬಿ ಗೆದ್ದು ಬಂದ, ಇವನ ವಯಸ್ಸಿನ ದುಡಿಯುವ ಗಂಡಸು ಯಾರಾದರೂ ಮಾತಾಡಲು ಒಪ್ಪುತ್ತಾರೆಯೇ ಎಂದೂ ಕೇಳು. ತಮ್ಮನ ಮಾತಿಗೆ ಕಿವಿಗೊಡದವನು ಅವರ ಮಾತಿಗೆ ಕೊಟ್ಟಾನು.

ಅವನೊಡನೆ ನೀನೊಬ್ಬನೇ ಕೂತು ಮಾತಾಡು. ಅವ್ವ, ಮಕ್ಕಳು ಎದುರಿಗಿರಬಾರದು. ‘ಸಾಯ್ತಿ’ ಎಂದು ಹೆದರಿಸಬೇಡ; ‘ಗುಳಿಗಿ ತಗೊಂಡಾಗ ಏನ್ ತ್ರಾಸ ಆಗ್ತಿತ್ತು?’ ಎಂದು ಕೇಳು. ಮೂತ್ರ ಕೆಂಪಾಯಿತು ಎಂದರೆ ಅದು ರಿಫಾಂಪಿಸಿನ್ ಬಣ್ಣ, ಉಷ್ಣವಲ್ಲ. ಕೈಕಾಲು ಜೋಮು ಹಿಡಿದರೆ ಬಿ6 ಗುಳಿಗೆ ಇದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆ.

ಗೋವಾಕ್ಕೆ ಹೋಗಬೇಡ ಎಂದು ಅಡ್ಡ ನಿಲ್ಲಬೇಡ, ಗೆಲ್ಲುವುದಿಲ್ಲ. ಹೊರಡುವ ಮೊದಲು ಆಸ್ಪತ್ರೆಯಲ್ಲಿ ಹೇಳಿದರೆ ನಿಕ್ಷಯ್ ಐಡಿ (ಸರ್ಕಾರದ ಟಿಬಿ ನೋಂದಣಿ ಸಂಖ್ಯೆ) ಮೇಲೆ ಚಿಕಿತ್ಸೆಯನ್ನು ಅಲ್ಲಿಗೇ ವರ್ಗಾಯಿಸುತ್ತಾರೆ. ದೇಶದ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲೂ ಗುಳಿಗೆ ಉಚಿತ. ಗೊಂದಲವಾದರೆ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ. ಜಾತ್ರೆಯ ರಾತ್ರಿ ಬಾದಾಮಿಯ ಬನಶಂಕರಿಯಲ್ಲಿ ಕಳೆದರೂ ಸರಿ, ಬೆಳಗಿನ ಗುಳಿಗೆ ಜೇಬಿನಲ್ಲಿರಲಿ.

ರೋಗಿಯ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರಬೇಕು. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಬಂದಿದೆಯೇ ನೋಡು. ಮೊಟ್ಟೆ, ಶೇಂಗಾ ಹಿಂಡಿ, ಮಡಕಿಕಾಳು ಪಲ್ಯಕ್ಕೆ ಆಗಲಿ. ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಯ ಮನೆಯವರಿಗೂ ಪೌಷ್ಟಿಕ ರೇಷನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಹಾಗಾಗಿ ವೈನಿ ತನ್ನ ಪಾಲನ್ನೂ ಗಂಡನ ತಾಟಿಗೆ ಹಾಕುವುದು ಬೇಡ.

ತಾಟಿನ ವಿಷಯ: ಟಿಬಿ ತಾಟಿನಿಂದ ಹಬ್ಬುವುದಿಲ್ಲ, ಕೆಮ್ಮಿನ ಗಾಳಿಯಿಂದ ಹಬ್ಬುತ್ತದೆ. ಈಗ ಗುಳಿಗೆ ತಪ್ಪಿರುವುದರಿಂದ ಕಫದ ವರದಿ ಬರುವವರೆಗೆ ಬಾಯಿಗೆ ವಸ್ತ್ರ, ಮನೆಗೆ ತೆರೆದ ಕಿಟಕಿ ಇರಲಿ. ನಿಮ್ಮವ್ವನ ಹೆದರಿಕೆಯನ್ನು ನಾನು ಬೈಯಲಾರೆ. ಹೆಣ್ಣುಮಗಳ ಮದುವೆ ಎಂದರೆ ನಮ್ಮ ಊರುಗಳಲ್ಲಿ ಬೀದಿಯ ಬಾಯಿ ಎಂಥದು ಎಂದು ಗೊತ್ತು. ಬೀಗರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಆಸ್ಪತ್ರೆಯವರಿಗೆ ಮಾತ್ರ ಮನೆಯಲ್ಲಿರುವ ಎಲ್ಲರ ಹೆಸರು, ತಂಗಿಯದೂ, ಬರೆಸು. ಎಲ್ಲರಿಗೂ ತಪಾಸಣೆಯಾಗಬೇಕು, ರೋಗವಿಲ್ಲದವರಿಗೆ, ಅದರಲ್ಲೂ 5 ವರ್ಷದೊಳಗಿನ ಮಕ್ಕಳಿಗೆ, ಟಿಬಿ ಬಾರದಂತೆ ತಡೆಯುವ ಗುಳಿಗೆ ಕೊಡುತ್ತಾರೆ. ಅಣ್ಣ ಬರಲು ತಡ ಮಾಡಿದರೂ ಈ ಕೆಲಸಕ್ಕೆ ಅವನಿಗಾಗಿ ಕಾಯಬೇಡ.